ಹಾಸಿಗೆಗೆ ಹಣ, ಮಾತಿಗೆ ಇಲ್ಲ

2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 21ನೆಯ ಕಲಮಿನಲ್ಲಿ ನಾಲ್ಕನೆಯ ಉಪಕಲಮೊಂದಿದೆ. ದೈಹಿಕ ಕಾಯಿಲೆಗಳ ಚಿಕಿತ್ಸೆಗೆ ಯಾವ ಆಧಾರದ ಮೇಲೆ ವೈದ್ಯಕೀಯ ವಿಮೆ ದೊರೆಯುತ್ತದೆಯೋ ಅದೇ ಆಧಾರದ ಮೇಲೆ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ಎಲ್ಲ ವಿಮಾ ಕಂಪನಿಗಳು ವಿಮೆಯ ವ್ಯವಸ್ಥೆ ಮಾಡಬೇಕೆಂಬುದು ಅದರ ತಾತ್ಪರ್ಯ. ಕಾಯ್ದೆ ಜಾರಿಗೆ ಬಂದದ್ದು 2018ರ ಮೇ 29ರಂದು. ಅದೇ ವರ್ಷದ ಆಗಸ್ಟ್ 16ರಂದು ವಿಮಾ ನಿಯಂತ್ರಣ ಪ್ರಾಧಿಕಾರವು ಕಂಪನಿಗಳಿಗೆಲ್ಲ ಸುತ್ತೋಲೆ ಕಳುಹಿಸಿ, ಈ ಉಪಕಲಮನ್ನು ತಕ್ಷಣ ಪಾಲಿಸಬೇಕೆಂದು ತಿಳಿಸಿತು. 2019ರ ಸೆಪ್ಟೆಂಬರಿನಲ್ಲಿ, ಯಾವ ಯಾವ ಕಾಯಿಲೆಗಳನ್ನು ಪಾಲಿಸಿಯಿಂದ ಹೊರಗಿಡಕೂಡದೆಂದು ಪಟ್ಟಿ ಮಾಡಿ, ಅದರಲ್ಲಿ ಮಾನಸಿಕ ಕಾಯಿಲೆಯನ್ನೂ ಸೇರಿಸಿತು. ಆದರೂ ಸಾಲದೆಂದು 2022ರ ಅಕ್ಟೋಬರ್ 31ರ ಗಡುವು ವಿಧಿಸಿ ಮತ್ತೊಂದು ಸುತ್ತೋಲೆ ಹೊರಡಿಸಬೇಕಾಯಿತು. ಒಂದು ವಾಕ್ಯವನ್ನು ಪಾಲಿಸಲು ನಾಲ್ಕು ವರ್ಷಕ್ಕೂ ಮೇಲ್ಪಟ್ಟ ಕಾಲ ಹಿಡಿಯಿತೆಂಬುದು ಸರ್ಕಾರಿ ಕಡತಗಳ ನಡುವೆ ಬದುಕುವ ನಮಗೆ ಆಶ್ಚರ್ಯವನ್ನೇನೂ ತರಲಿಲ್ಲ.

ನಮ್ಮನ್ನು ಕಾಡುತ್ತಿರುವ ಪ್ರಶ್ನೆ ಅದರ ಮುಂದಿನದು. ಈಗ ಪಾಲಿಸಿಗಳಲ್ಲಿ ಮಾನಸಿಕ ಕಾಯಿಲೆ ಸೇರಿದೆ, ಕೈಪಿಡಿಯಲ್ಲಿ ಅಚ್ಚಾಗಿದೆ, ಏಜೆಂಟರು ಬಾಯಿತುಂಬ ಹೇಳುತ್ತಾರೆ. ಆದರೆ ಮನೋವೈದ್ಯರು ಚೀಟಿಯಲ್ಲಿ ಬರೆದುಕೊಟ್ಟ ಮನೋಚಿಕಿತ್ಸೆಗೆ, ಅಂದರೆ ವಾರಕ್ಕೊಮ್ಮೆ ತಜ್ಞರೆದುರು ಕುಳಿತು ಮಾತಿನ ಮೂಲಕವೇ ಪಡೆಯುವ ಚಿಕಿತ್ಸೆಗೆ, ಹಣ ಬರುತ್ತದೆಯೆ? ಬಹುಪಾಲು ಪಾಲಿಸಿಗಳಲ್ಲಿ ಬರುವುದಿಲ್ಲ. ಕಾನೂನನ್ನು ಅಕ್ಷರಶಃ ಪಾಲಿಸಿಯೇ ಇದು ಸಾಧ್ಯವಾಗಿದೆ ಎಂಬುದು ಗಮನಿಸಬೇಕಾದ ಸಂಗತಿ.

ಅದು ಹೇಗೆಂದರೆ, ನಮ್ಮ ದೇಶದ ಆರೋಗ್ಯ ವಿಮೆಯು ಮೂಲತಃ ಆಸ್ಪತ್ರೆವಾಸದ ವಿಮೆ. ರೋಗಿ ಕನಿಷ್ಠ 24 ಗಂಟೆಗಳ ಕಾಲ ಒಳರೋಗಿಯಾಗಿರಬೇಕು. ದಾಖಲಾಗುವ ಮುಂಚಿನ 30 ದಿನಗಳ ಮತ್ತು ಬಿಡುಗಡೆಯಾದ ನಂತರದ 60 ದಿನಗಳ ಸಂಬಂಧಪಟ್ಟ ವೆಚ್ಚಗಳು ಸಾಮಾನ್ಯವಾಗಿ ಅದರ ಬಾಲಕ್ಕೆ ಸೇರುತ್ತವೆ. ಇಪ್ಪತ್ತನಾಲ್ಕು ಗಂಟೆ ಬೇಡದ ಚಿಕಿತ್ಸೆಗಳಿಗೆ 'ಡೇ-ಕೇರ್' ಎಂಬ ಇನ್ನೊಂದು ಬಾಗಿಲಿದೆ. ಆದರೆ ಅದರ ವ್ಯಾಖ್ಯೆಯನ್ನು ಓದಿದರೆ, ಪೂರ್ಣ ಅಥವಾ ಸ್ಥಳೀಯ ಅರಿವಳಿಕೆ ಕೊಟ್ಟು ಮಾಡುವ, ತಂತ್ರಜ್ಞಾನ ಮುಂದುವರಿದಿರುವುದರಿಂದ ಒಂದೇ ದಿನದಲ್ಲಿ ಮುಗಿಯುವ ಚಿಕಿತ್ಸೆ ಎಂದಿದೆ; ಸಾಮಾನ್ಯವಾಗಿ ಹೊರರೋಗಿಯಾಗಿ ಪಡೆಯುವಂಥದ್ದು ಇದರಲ್ಲಿ ಸೇರದೆಂದೂ ಸ್ಪಷ್ಟಪಡಿಸಿದೆ. ಆಸ್ಪತ್ರೆ ಎಂಬುದಕ್ಕೂ ವ್ಯಾಖ್ಯೆಯುಂಟು: ಕಾನೂನಿನಡಿ ನೋಂದಣಿಯಾಗಿರಬೇಕು, ಇಲ್ಲವಾದರೆ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನಲ್ಲಿ 10 ಹಾಸಿಗೆಗಳೂ ಉಳಿದೆಡೆ 15 ಹಾಸಿಗೆಗಳೂ ಇರಬೇಕು, ಹಗಲಿರುಳು ದಾದಿಯರಿರಬೇಕು. ಮನೋಚಿಕಿತ್ಸಕರ ಕೊಠಡಿಯಲ್ಲಿ ಇರುವುದು ಎರಡು ಕುರ್ಚಿ, ಒಂದು ಮೇಜು, ನೀರಿನ ಹೂಜಿ. ಅರಿವಳಿಕೆಯಂತೂ ಅಲ್ಲಿನ ಕೆಲಸಕ್ಕೆ ನೇರ ವಿರುದ್ಧ. ಅಲ್ಲಿ ಬೇಕಾದದ್ದೇ ಅರಿವು.

ಹೀಗಾಗಿ ಕಂಪನಿಯವರ ವಾದ ಸರಳ. ಮಧುಮೇಹದವರು ಹೊರರೋಗಿಯಾಗಿ ವೈದ್ಯರನ್ನು ಕಂಡರೆ ನಾವು ಕೊಡುವುದಿಲ್ಲ, ಖಿನ್ನತೆಯವರು ಕಂಡರೂ ಕೊಡುವುದಿಲ್ಲ, ಇದೇ ಸಮಾನತೆಯಲ್ಲವೆ? ತರ್ಕದಲ್ಲಿ ತಪ್ಪಿಲ್ಲವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ದೇಹದ ಕಾಯಿಲೆಗಳಲ್ಲಿ ಮನೆಯನ್ನು ಮುಳುಗಿಸುವ ದೊಡ್ಡ ವೆಚ್ಚ ಬರುವುದು ಆಸ್ಪತ್ರೆಯಲ್ಲಿ. ಹೃದಯದ ಶಸ್ತ್ರಕ್ರಿಯೆ, ಮೂಳೆಮುರಿತ, ಹೆರಿಗೆಯ ತೊಡಕು, ಎಲ್ಲವೂ ಅಲ್ಲಿಯೇ. ಆದ್ದರಿಂದ ವಿಮೆಯನ್ನೂ ಆಸ್ಪತ್ರೆಯ ಅಳತೆಗೆ ಹೊಲಿದರು. ಖಿನ್ನತೆ, ಆತಂಕ, ಗೀಳು ಮುಂತಾದ ಕಾಯಿಲೆಗಳಲ್ಲಿ ಬಹುತೇಕ ರೋಗಿಗಳು ಆಸ್ಪತ್ರೆಯಲ್ಲಿ ಒಂದು ರಾತ್ರಿಯನ್ನೂ ಕಳೆಯುವುದಿಲ್ಲ. ಕಳೆಯಬಾರದೆಂಬುದೇ ಆಧುನಿಕ ಮನೋವೈದ್ಯದ ನಿಲುವು, 2017ರ ಕಾಯ್ದೆಯ ಆಶಯವೂ ಹೌದು. ಅವರ ಮುಖ್ಯ ಚಿಕಿತ್ಸೆ ನಡೆಯುವುದೇ ಹಾಸಿಗೆಯ ಹೊರಗೆ. ಮುಖ್ಯ ಚಿಕಿತ್ಸೆಯನ್ನು ಬಿಟ್ಟು ಅಪರೂಪದ ಚಿಕಿತ್ಸೆಗೆ ಮಾತ್ರ ಹಣ ಕೊಡುವುದನ್ನು ಸಮಾನತೆ ಎನ್ನಲಾಗದು. ಕೊಕ್ಕರೆಗೂ ನರಿಗೂ ಒಂದೇ ತಟ್ಟೆಯಲ್ಲಿ ಗಂಜಿ ಬಡಿಸಿ, ಇಬ್ಬರಿಗೂ ಸಮನಾಗಿ ಬಡಿಸಿದ್ದೇವೆ ಎಂದಂತೆ ಇದು.

ನಿಯಮವನ್ನು ಸಡಿಲಿಸಲಾಗದೆಂಬ ಮಾತೂ ನಿಲ್ಲುವುದಿಲ್ಲ. ಡಯಾಲಿಸಿಸ್‌ಗೆ ಯಾರೂ ಇಪ್ಪತ್ತನಾಲ್ಕು ಗಂಟೆ ಮಲಗುವುದಿಲ್ಲ, ಅರಿವಳಿಕೆಯನ್ನೂ ತೆಗೆದುಕೊಳ್ಳುವುದಿಲ್ಲ. ಆದರೂ ಅದಕ್ಕೆ ಹಣ ಬರುತ್ತದೆ. 2019ರಲ್ಲಿ ಪ್ರಾಧಿಕಾರವೇ ಹೊರಗಿಡಕೂಡದ ಹನ್ನೆರಡು ಆಧುನಿಕ ಚಿಕಿತ್ಸೆಗಳನ್ನು ಹೆಸರಿಸಿತು. ಅವುಗಳಲ್ಲೊಂದು ಬಾಯಿಯ ಮೂಲಕ ನುಂಗುವ ಕೀಮೋಥೆರಪಿ ಮಾತ್ರೆ. ರೋಗಿ ತನ್ನ ಮನೆಯಲ್ಲಿ, ತನ್ನ ಅಡುಗೆಮನೆಯ ನೀರಿನಿಂದ ನುಂಗುವ ಮಾತ್ರೆಗೆ ವಿಮೆಯ ಬಾಗಿಲು ತೆರೆದದ್ದು ನ್ಯಾಯವೇ ಆಯಿತು. ಕ್ಯಾನ್ಸರಿನ ಚಿಕಿತ್ಸೆ ಹಾಸಿಗೆಯಿಂದ ಹೊರಗೆ ಸರಿದಾಗ ನಿಯಮವೂ ಅದರ ಹಿಂದೆ ಸರಿಯಿತು. ಮನಸ್ಸಿನ ಚಿಕಿತ್ಸೆಯ ವಿಷಯದಲ್ಲಿ ಮಾತ್ರ ನಿಯಮ ಹಾಸಿಗೆಯನ್ನು ಅಪ್ಪಿಕೊಂಡು ಕುಳಿತಿದೆ.

ದೆಹಲಿ ಉಚ್ಚ ನ್ಯಾಯಾಲಯವು 2021ರ ಏಪ್ರಿಲಿನಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಕಂಪನಿಯ ವಿರುದ್ಧದ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪನ್ನು ಇಲ್ಲಿ ನೆನೆಯಬೇಕು. ಮಾನಸಿಕ ಕಾಯಿಲೆಯನ್ನು ಹೊರಗಿಡುವ ಷರತ್ತು ಕಾಯ್ದೆಗೆ ವಿರುದ್ಧವೆಂದೂ, ಕಾಯ್ದೆ ಜಾರಿಯಾದ ದಿನದಿಂದಲೇ ಕಂಪನಿಗಳು ಅದಕ್ಕೆ ಬದ್ಧವೆಂದೂ ಅದು ಹೇಳಿತು. ಆ ತೀರ್ಪು ಬಂದದ್ದು ಆಸ್ಪತ್ರೆಗೆ ದಾಖಲಾಗಿದ್ದ ರೋಗಿಯೊಬ್ಬರ ಕ್ಲೇಮಿನ ಮೇಲೆ. ಮಾತಿನ ಚಿಕಿತ್ಸೆಯ ಪ್ರಶ್ನೆ ಅಲ್ಲಿ ಎದ್ದಿರಲಿಲ್ಲ. ಹದಿನಾರು ಭೇಟಿಗಳ ಶುಲ್ಕಕ್ಕಾಗಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರುವ ಚೈತನ್ಯ ಖಿನ್ನತೆಯ ರೋಗಿಗೆ ಇದ್ದಿದ್ದರೆ ಆತನಿಗೆ ಬಹುಶಃ ಆ ಭೇಟಿಗಳೇ ಬೇಕಾಗುತ್ತಿರಲಿಲ್ಲ.

ನಮ್ಮ ಬಳಗಕ್ಕೆ ಪರಿಚಿತವಾದ, ಇದೇ ಪೆಂಡುರ್ತಿಯ ಕನ್ನಡದ ಮನೆಯೊಂದರಲ್ಲಿ ಆದದ್ದನ್ನು ಹೇಳುತ್ತೇವೆ. ಇಂಜಿನಿಯರಿಂಗ್ ಓದುತ್ತಿದ್ದ ಮಗಳು ಕಾಲೇಜಿಗೆ ಹೋಗುವುದನ್ನು ನಿಲ್ಲಿಸಿದಳು, ಊಟ ಬಿಟ್ಟಳು. ಮನೋವೈದ್ಯರು ಖಿನ್ನತೆಯೆಂದು ಗುರುತಿಸಿ ಮಾತ್ರೆಯ ಜೊತೆಗೆ ಹದಿನಾರು ವಾರಗಳ ಮನೋಚಿಕಿತ್ಸೆ ಬರೆದುಕೊಟ್ಟರು. ತಂದೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಹೊರರೋಗಿ ವೆಚ್ಚದ ಸೌಲಭ್ಯವನ್ನೂ ಪಾಲಿಸಿಗೆ ಸೇರಿಸಿಕೊಂಡಿದ್ದ ಮುಂದಾಲೋಚನೆಯ ಮನುಷ್ಯ. ಮಾತ್ರೆಯ ಬಿಲ್ಲು ಪಾಸಾಯಿತು, ವೈದ್ಯರ ಶುಲ್ಕವೂ ಬಂತು. ಮನೋಚಿಕಿತ್ಸೆಯ ಬಿಲ್ಲು ಮಾತ್ರ ತಿರುಗಿ ಬಂತು. ಚಿಕಿತ್ಸೆ ಕೊಟ್ಟವರು ಪಾಲಿಸಿಯ ವ್ಯಾಖ್ಯೆಯ ಪ್ರಕಾರ ವೈದ್ಯರಲ್ಲ ಎಂಬುದು ಕಾರಣ. ಒಂದು ಭೇಟಿಗೆ ಸಾವಿರ ರೂಪಾಯಿಯಂತೆ ಹದಿನಾರು ಸಾವಿರ. ಮಧ್ಯಮವರ್ಗದ ಮನೆಯೊಂದು ಇದನ್ನು ಹೊರಲಾರದೆಂದಲ್ಲ. ಆದರೆ ಏಳನೆಯ ವಾರಕ್ಕೆ ಆ ಹುಡುಗಿಯೇ, 'ಅಪ್ಪಾಜಿ, ಬರೀ ಮಾತಾಡೋದಕ್ಕೆ ಇಷ್ಟು ದುಡ್ಡು ಯಾಕೆ? ಇನ್ನು ಸಾಕು' ಎಂದಳಂತೆ. ತಾನು ಮನೆಗೆ ಭಾರವೆಂಬ ಭಾವನೆಯೇ ಆ ಕಾಯಿಲೆಯ ಲಕ್ಷಣ. ಕಂಪನಿಯ ಪತ್ರ ಆ ಭಾವನೆಗೆ ರುಜು ಹಾಕಿದಂತಾಯಿತು. ತಂದೆ ಒಪ್ಪಲಿಲ್ಲ, ಹದಿನಾರೂ ವಾರ ಕರೆದುಕೊಂಡು ಹೋದರು. ಒಪ್ಪಿಬಿಡುವ ತಂದೆಯರೂ ಇರುತ್ತಾರೆ.

ಕಂಪನಿ ಹೇಳಿದ ಕಾರಣವನ್ನು ತುಸು ವಿಚಾರಿಸೋಣ. ಪಾಲಿಸಿಗಳ ದೃಷ್ಟಿಯಲ್ಲಿ ವೈದ್ಯರೆಂದರೆ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿತರಾದವರು. ಕ್ಲಿನಿಕಲ್ ಸೈಕಾಲಜಿಸ್ಟರು ಅಲ್ಲಿ ನೋಂದಾಯಿತರಾಗುವುದಿಲ್ಲ; ಅವರ ನೋಂದಣಿ 1992ರ ಕಾಯ್ದೆಯ ಮೂಲಕ ಸ್ಥಾಪಿತವಾದ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ. ಆದರೆ 2017ರ ಕಾಯ್ದೆ ಮಾನಸಿಕ ಆರೋಗ್ಯ ವೃತ್ತಿಪರರೆಂದು ಯಾರನ್ನು ಕರೆಯುತ್ತದೆಯೋ ಅವರಲ್ಲಿ ಮನೋವೈದ್ಯರ ಜೊತೆಗೆ ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟರೂ ಇದ್ದಾರೆ. ದೇಶದ ಕಾಯ್ದೆ ಅಂಗೀಕರಿಸಿದ ವೃತ್ತಿಯನ್ನು ಪಾಲಿಸಿಯ ವ್ಯಾಖ್ಯೆ ಅಂಗೀಕರಿಸುವುದಿಲ್ಲ. ಬೋರ್ಡು ನೇತುಹಾಕಿಕೊಂಡು ಆಪ್ತಸಮಾಲೋಚಕರೆಂದು ಕರೆದುಕೊಳ್ಳುವವರು ಬೀದಿಗೊಬ್ಬರು ಇದ್ದಾರೆ, ಎಲ್ಲರಿಗೂ ಹಣ ಕೊಡಲಾದೀತೆ ಎಂಬ ಕಂಪನಿಗಳ ಅಳುಕು ಸುಳ್ಳಲ್ಲ. ಅದಕ್ಕೆ ಪರಿಹಾರ ನೋಂದಣಿ ಸಂಖ್ಯೆ ಕೇಳುವುದು. ಬಿಲ್ಲಿನ ಮೇಲೆ ಆ ಸಂಖ್ಯೆ ಇದ್ದರೆ ಹಣ, ಇಲ್ಲದಿದ್ದರೆ ಇಲ್ಲ. ಇಷ್ಟು ಮಾಡಲು ಯಾವ ಹೊಸ ಕಾಯ್ದೆಯೂ ಬೇಡ.

ಈ ವೃತ್ತಿಗೂ ಕನ್ನಡನಾಡಿಗೂ ಇರುವ ನಂಟನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಮೈಸೂರು ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆಯೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಜಿಲ್ಲಾ ಮಟ್ಟದಲ್ಲಿ ಮಾನಸಿಕ ಆರೋಗ್ಯ ಸೇವೆ ಕೊಡಲು ಸಾಧ್ಯವೆಂದು 1980ರ ದಶಕದಲ್ಲಿ ತೋರಿಸಿದ್ದು ಬಳ್ಳಾರಿ ಜಿಲ್ಲೆಯ ಪ್ರಯೋಗ. ಸಾಹಿತ್ಯದಲ್ಲಿಯೂ ನಾವು ಹಿಂದುಳಿದವರಲ್ಲ. 'ಕೊರವಂಜಿ'ಯ ಸಂಪಾದಕರಾಗಿ ನಾಡನ್ನು ನಗಿಸಿದ ರಾಶಿಯವರು, ಅಂದರೆ ಡಾಕ್ಟರ್ ಎಂ. ಶಿವರಾಂ, ಮನೋರೋಗಗಳನ್ನು ಕುರಿತು ಬರೆದ 'ಮನಮಂಥನ' ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಇಂತಹ ವಿಷಯದ ಗ್ರಂಥವೊಂದನ್ನು ಸಾಹಿತ್ಯವೆಂದು ಮನ್ನಿಸಿದ ಭಾಷೆ ನಮ್ಮದು. ಇನ್ನು ತ್ರಿವೇಣಿಯವರ 'ಶರಪಂಜರ'ವನ್ನು ಓದದ, 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ತೆರೆಗೆ ತಂದಾಗ ಕಲ್ಪನಾ ಅವರ ಕಾವೇರಿಯನ್ನು ಕಂಡು ಕಣ್ಣೊರೆಸಿಕೊಳ್ಳದ ಕನ್ನಡಿಗರು ನಮ್ಮ ತಲೆಮಾರಿನ ಮನೆಗಳಲ್ಲಿ ವಿರಳ. ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿಯೇ ಹಿಂದಿರುಗುತ್ತಾಳೆ. ಅವಳನ್ನು ಮತ್ತೆ ಕೆಡವುವುದು ಮನೆ, ನೆರೆಹೊರೆ, ಗಂಡನ ಮುಖ. ಇಂದಿನ ವಿಮೆಯ ಲೆಕ್ಕದಲ್ಲಿ ಹೇಳುವುದಾದರೆ ಅವಳ ಆಸ್ಪತ್ರೆಯ ಬಿಲ್ಲು ಪೂರ್ತಿಯಾಗಿ ಪಾವತಿಯಾಗುತ್ತಿತ್ತು. ಮನೆಗೆ ಬಂದಮೇಲೆ ಅವಳಿಗೂ, ಅವಳಿಗಿಂತ ಹೆಚ್ಚಾಗಿ ಆ ಗಂಡನಿಗೂ ಬೇಕಾಗಿದ್ದ ಮಾತಿಗೆ ಅರವತ್ತು ದಿನಗಳಾಚೆ ಒಂದು ಕಾಸೂ ಸಿಗುತ್ತಿರಲಿಲ್ಲ.

ನಮ್ಮಂತಹ ಕೇಂದ್ರ ಸರ್ಕಾರಿ ನೌಕರರ ಸ್ಥಿತಿ ಬೇರೆಯೇ. ನಮ್ಮದು ವಿಮೆಯಲ್ಲ, ವೆಚ್ಚದ ಮರುಪಾವತಿ. ಕೇಂದ್ರ ಸರ್ಕಾರಿ ಆರೋಗ್ಯ ಯೋಜನೆಯ ವ್ಯಾಪ್ತಿಯಲ್ಲಿ ಇಲ್ಲದವರಿಗೆ 1944ರ ವೈದ್ಯಕೀಯ ಪರಿಚರ್ಯೆ ನಿಯಮಗಳು ಅನ್ವಯಿಸುತ್ತವೆ. ಅಧಿಕೃತ ವೈದ್ಯರ ಬಳಿ ಹೊರರೋಗಿಯಾಗಿ ಹೋದರೆ ಒಂದು ಕಾಯಿಲೆಗೆ ಹತ್ತು ದಿನಗಳೊಳಗೆ ನಾಲ್ಕು ಭೇಟಿ ಎಂಬ ಲೆಕ್ಕ ಅಲ್ಲಿದೆ. ಜ್ವರಕ್ಕೆ ಇದು ಸಾಕು. ದುಃಖಕ್ಕೆ ಹತ್ತು ದಿನಗಳ ಗಡುವು ಹಾಕಿದ ನಿಯಮಕಾರರನ್ನು ದೂರಲಾಗದು. 1944ರಲ್ಲಿ ಅವರ ಕಣ್ಣಮುಂದೆ ಇದ್ದದ್ದು ಮಲೇರಿಯಾ. ನಿವೃತ್ತರಾಗಿ ಯೋಜನೆಯ ವ್ಯಾಪ್ತಿಯ ಹೊರಗಿನ ಊರಿನಲ್ಲಿ ನೆಲೆಸಿದವರಿಗೆ ಹೊರರೋಗಿ ವೆಚ್ಚಕ್ಕೆಂದು ತಿಂಗಳಿಗೆ 1000 ರೂಪಾಯಿಯ ನಿಗದಿತ ಭತ್ಯೆಯುಂಟು, 2017ರಿಂದ ಅಷ್ಟೇ. ಮನೋಚಿಕಿತ್ಸೆಯ ಒಂದು ಭೇಟಿಗೆ ಅದು ಸರಿಹೋದರೆ ರಕ್ತದೊತ್ತಡದ ಮಾತ್ರೆಗೆ ಉಳಿಯುವುದೇನು?

ಹಣಕ್ಕಿಂತ ಹೆಚ್ಚಾಗಿ ನಮ್ಮವರನ್ನು ತಡೆಯುವುದು ಕಾಗದದ ಹಾದಿ. ಮರುಪಾವತಿಯ ಅರ್ಜಿಯ ಜೊತೆ ವೈದ್ಯರ ಪ್ರಮಾಣಪತ್ರ ಹೋಗಬೇಕು. ಆಸ್ಪತ್ರೆಗೆ ದಾಖಲಾಗದವರಿಗೆ 'ಎ', ದಾಖಲಾದವರಿಗೆ 'ಬಿ'. ಅದರಲ್ಲಿ ಕಾಯಿಲೆಯ ಹೆಸರಿರುತ್ತದೆ. ಆ ಕಾಗದ ವಿಭಾಗದ ಗುಮಾಸ್ತರಿಂದ ಮೇಲ್ವಿಚಾರಕರಿಗೆ, ಅಲ್ಲಿಂದ ಲೆಕ್ಕಪತ್ರ ಶಾಖೆಗೆ ಮೇಜಿನಿಂದ ಮೇಜಿಗೆ ಸಾಗುತ್ತದೆ. ಸಕ್ಕರೆ ಕಾಯಿಲೆಯೆಂದು ಬರೆದ ಕಾಗದ ಹೀಗೆ ಸಾಗಿದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಮನೋವೈದ್ಯರ ಮೊಹರಿರುವ ಕಾಗದವೊಂದು ಹೋಯಿತೆಂದರೆ ಮಧ್ಯಾಹ್ನದ ಚಹಾದ ಹೊತ್ತಿಗೆ ಕಚೇರಿಗೆಲ್ಲ ಗೊತ್ತು. ಬಡ್ತಿ, ವರ್ಗಾವಣೆ, ಮಗಳ ಮದುವೆ, ಎಲ್ಲವೂ ಕಣ್ಣಮುಂದೆ ಬಂದು ನಿಂತಾಗ ಸಾವಿರ ರೂಪಾಯಿ ಹೋದರೆ ಹೋಯಿತೆಂದು ಬಿಲ್ಲನ್ನು ಹರಿದುಹಾಕುವವರನ್ನು ನಾವು ಕಂಡಿದ್ದೇವೆ. 2017ರ ಕಾಯ್ದೆಯ 23ನೆಯ ಕಲಮು ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಕಾಯಿಲೆಯ ಹೆಸರಿರುವ ಹಾಳೆಯನ್ನು ಮುಚ್ಚಿದ ಲಕೋಟೆಯಲ್ಲಿ ಮಂಜೂರಾತಿ ಅಧಿಕಾರಿಗೆ ಮಾತ್ರ ಕಳುಹಿಸಬಹುದೆಂಬ ಒಂದು ಆದೇಶ ಹೊರಬಿದ್ದರೆ ಆ ಹಕ್ಕಿಗೆ ಜೀವ ಬರುತ್ತದೆ. ಅದಕ್ಕೆ ಸರ್ಕಾರಕ್ಕೆ ತಗಲುವ ವೆಚ್ಚ ಲಕೋಟೆಯದು. ಬಡವರಿಗೆಂದು ಇರುವ ಆಯುಷ್ಮಾನ್ ಭಾರತವೂ ಒಳರೋಗಿಗಳ ಯೋಜನೆಯೇ. ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಆಸ್ಪತ್ರೆಯ ವೆಚ್ಚ ಭರಿಸುವ ಆ ಯೋಜನೆಯಲ್ಲಿ ಹೊರರೋಗಿಗಳಿಗೆ ಸ್ಥಾನವಿಲ್ಲ.

ಎಲ್ಲರಿಗೂ ಮನೋಚಿಕಿತ್ಸೆ ಕೊಡಹೊರಟರೆ ಪ್ರೀಮಿಯಂ ಏರುವುದಿಲ್ಲವೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ನಾವು ಕೇಳುತ್ತಿರುವುದು ದಾಂಪತ್ಯದ ಮುನಿಸಿಗೋ ಪರೀಕ್ಷೆಯ ಭಯಕ್ಕೋ ಪಡೆಯುವ ಸಲಹೆಯ ಹಣವನ್ನಲ್ಲ. ಕಾಯ್ದೆಯ ವ್ಯಾಖ್ಯೆಗೆ ಒಳಪಡುವ ಕಾಯಿಲೆಯೆಂದು ಮನೋವೈದ್ಯರು ಗುರುತಿಸಿ, ಇಂತಿಷ್ಟು ಭೇಟಿಯೆಂದು ಬರೆದುಕೊಟ್ಟ ಚಿಕಿತ್ಸೆಯದು. ಮಿತಿ ಹಾಕುವ ಪದ್ಧತಿ ಬೇರೆಡೆ ಇದೆ. ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮೆ 1967ರಿಂದಲೇ ಮನೋಚಿಕಿತ್ಸೆಯ ವೆಚ್ಚ ಭರಿಸುತ್ತಿದೆ. ಅಲ್ಲಿ ಅಲ್ಪಾವಧಿಯ ಚಿಕಿತ್ಸೆಯನ್ನು ಹನ್ನೆರಡು ಹನ್ನೆರಡು ಭೇಟಿಗಳ ಎರಡು ಕಂತಿನಲ್ಲಿ ಮಂಜೂರು ಮಾಡುತ್ತಾರೆ. ಆಸ್ಟ್ರೇಲಿಯಾದಲ್ಲಿ 2006ರಿಂದ ಕುಟುಂಬವೈದ್ಯರು ಯೋಜನೆ ಬರೆದುಕೊಟ್ಟರೆ ಸರ್ಕಾರಿ ವಿಮೆಯಿಂದ ಸಹಾಯಧನ ಸಿಗುತ್ತದೆ. ಈಗ ವರ್ಷಕ್ಕೆ ಹತ್ತು ಭೇಟಿಗಳು. ಶ್ರೀಮಂತ ದೇಶಗಳ ಮಾತು ಬೇಡವೆನ್ನುವವರು ಗೋವೆಯನ್ನು ನೋಡಬಹುದು. ಅಲ್ಲಿ ಸಂಗಾತ್ ಸಂಸ್ಥೆಯವರು ವೃತ್ತಿಪರರಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ ತೀವ್ರ ಖಿನ್ನತೆಯ ರೋಗಿಗಳಿಗೆ ಆರರಿಂದ ಎಂಟು ಭೇಟಿಗಳ ಮಾತಿನ ಚಿಕಿತ್ಸೆ ಕೊಡಿಸಿದರು. ಅದು ಫಲ ಕೊಟ್ಟಿತೆಂದೂ ವೆಚ್ಚಕ್ಕೆ ತಕ್ಕ ಲಾಭವಿದೆಯೆಂದೂ ತೋರಿಸಿದ ಅಧ್ಯಯನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ 2017ರಲ್ಲಿ ಅಚ್ಚಾಯಿತು. ಸೌಮ್ಯ ಖಿನ್ನತೆಗೆ ಮಾತ್ರೆಯೇ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿರುವಾಗ, ಮಾತ್ರೆಯ ಬಿಲ್ಲಿಗೆ ಹಣ ಕೊಟ್ಟು ಮಾತಿನ ಬಿಲ್ಲನ್ನು ತಿರುಗಿಸುವ ವ್ಯವಸ್ಥೆ ರೋಗಿಯನ್ನು ಔಷಧದಂಗಡಿಯ ಕಡೆಗೇ ತಳ್ಳುತ್ತದೆ. ನಿಮ್ಹಾನ್ಸ್ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಸಾಮಾನ್ಯ ಮಾನಸಿಕ ಕಾಯಿಲೆಯುಳ್ಳವರಲ್ಲಿ ಸುಮಾರು ಶೇಕಡ 85ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ದುರುಪಯೋಗವಾದೀತೆಂಬ ಹೆದರಿಕೆ ಇಂತಹ ದೇಶದಲ್ಲಿ ತುಸು ಬೇಗ ಬಂದಿದೆಯೆಂದೇ ನಮ್ಮ ಅಭಿಪ್ರಾಯ.

ಹೊರನಾಡಿನಲ್ಲಿರುವ ನಮಗೆ ಇನ್ನೂ ಒಂದು ತೊಡಕಿದೆ, ಭಾಷೆಯದು. ವಿಶಾಖಪಟ್ಟಣದಲ್ಲಿ ಬ್ರಿಟಿಷರ ಕಾಲದಿಂದ ಬಂದ ಸರ್ಕಾರಿ ಮಾನಸಿಕ ಆಸ್ಪತ್ರೆ ಚಿನವಾಲ್ತೇರಿನಲ್ಲಿದೆ; ಅಲ್ಲಿಯ ಭಾಷೆ ತೆಲುಗು, ಸಹಜವಾಗಿಯೇ. ನಮ್ಮ ತೆಲುಗು ತರಕಾರಿ ಕೊಳ್ಳಲು, ಆಟೋದವರೊಡನೆ ಚೌಕಾಸಿ ಮಾಡಲು, ಕಚೇರಿಯಲ್ಲಿ ನಗಲು ಸಾಕು. ಅಮ್ಮ ತೀರಿಹೋದ ರಾತ್ರಿಯನ್ನು ಹೇಳಲು ಸಾಲದು. ಮೂಳೆ ಮುರಿದವನಿಗೆ ವೈದ್ಯರ ಭಾಷೆ ಯಾವುದಾದರೇನು. ಮಾತೇ ಔಷಧವಾದಲ್ಲಿ ಭಾಷೆ ತಪ್ಪಿದರೆ ಔಷಧವೇ ತಪ್ಪಿದಂತೆ. (ನಮ್ಮ ಮಕ್ಕಳ ಮಾತು ಬೇರೆ, ಅವರು ತೆಲುಗಿನಲ್ಲೇ ಕನಸು ಕಾಣುತ್ತಾರೆ. ಸೊಸೆಯಾಗಿ ಬಂದವರು, ಮಗನ ಮನೆಗೆ ಬಂದು ನೆಲೆಸಿದ ವೃದ್ಧರು, ಇವರದೇ ಚಿಂತೆ.) ಬೆಂಗಳೂರಿನ ಚಿಕಿತ್ಸಕರೊಡನೆ ದೂರವಾಣಿಯಲ್ಲೋ ವಿಡಿಯೊದಲ್ಲೋ ಮಾತನಾಡುವುದು ಇದಕ್ಕೆ ಒಳ್ಳೆಯ ಉಪಾಯ. ಹೊರರೋಗಿ ಸಮಾಲೋಚನೆಗೆ ಹಣ ಕೊಡುವ ಪಾಲಿಸಿಗಳು ದೂರವೈದ್ಯಕ್ಕೂ ಕೊಡಬೇಕೆಂದು ಪ್ರಾಧಿಕಾರ 2020ರ ಜೂನಿನಲ್ಲಿ ತಿಳಿಸಿದೆ. ಅಲ್ಲಿಯೂ 'ವೈದ್ಯ' ಎಂಬ ಹಳೆಯ ವ್ಯಾಖ್ಯೆ ಅಡ್ಡ ನಿಲ್ಲುತ್ತದೆಯಾದ್ದರಿಂದ ಮನೋವೈದ್ಯರಾದರೆ ಉಂಟು, ಸೈಕಾಲಜಿಸ್ಟರಾದರೆ ಇಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಸೇವೆಯ 14416 ಸಂಖ್ಯೆಗೆ ಯಾವ ಊರಿನಿಂದ ಕರೆಮಾಡಿದರೂ ಕನ್ನಡವನ್ನು ಆರಿಸಿಕೊಳ್ಳಬಹುದು, ಹಣವಿಲ್ಲ. ದೀರ್ಘ ಮನೋಚಿಕಿತ್ಸೆಗೆ ಅದು ಬದಲಿಯಲ್ಲ. ಮೊದಲ ರಾತ್ರಿಯನ್ನು ದಾಟಿಸುವಷ್ಟು ಅದರಿಂದಾದರೆ ಸಣ್ಣ ಮಾತಲ್ಲ.

ಸದ್ಯಕ್ಕೆ ಇರುವ ಕಾನೂನಿನಲ್ಲೇ ಮಾಡಬಹುದಾದದ್ದೂ ಇದೆ. ಪಾಲಿಸಿ ಕೊಳ್ಳುವಾಗ ಮಾನಸಿಕ ಕಾಯಿಲೆ ಸೇರಿದೆಯೆ ಎಂದು ಕೇಳಿ ಪ್ರಯೋಜನವಿಲ್ಲ, ಸೇರಿದೆಯೆಂದೇ ಹೇಳುತ್ತಾರೆ. ಹೊರರೋಗಿಯಾಗಿ ಪಡೆಯುವ, ಕ್ಲಿನಿಕಲ್ ಸೈಕಾಲಜಿಸ್ಟರು ಕೊಡುವ ಮನೋಚಿಕಿತ್ಸೆಗೆ ಎಷ್ಟು ಭೇಟಿಗಳವರೆಗೆ ಎಷ್ಟು ಹಣ ಎಂದು ಕೇಳಬೇಕು, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಆಸ್ಪತ್ರೆಯಿಂದ ಬಿಡುಗಡೆಯಾಗುವವರು ಮುಂದಿನ ಮನೋಚಿಕಿತ್ಸೆಯ ಸಲಹೆಯನ್ನು ಬಿಡುಗಡೆ ಪತ್ರದಲ್ಲೇ ಬರೆಸಿಕೊಂಡರೆ ನಂತರದ ಅರವತ್ತು ದಿನಗಳ ಬಿಲ್ಲಿಗೆ ಆಧಾರವಿರುತ್ತದೆ. ಕ್ಲೇಮು ತಿರಸ್ಕೃತವಾದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಬೇಕು. ಮೂವತ್ತು ದಿನಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಅವರಿಗೆ ದೂರಬಹುದು. ಆಂಧ್ರಪ್ರದೇಶಕ್ಕೆ ಆ ಕಚೇರಿ ಇರುವುದು ಹೈದರಾಬಾದಿನಲ್ಲಿ. ಶುಲ್ಕವಿಲ್ಲ, ವಕೀಲರು ಬೇಡ. ವಿಜಯವಾಡದ ಗೆಳೆಯರಿಗೂ ಅದೇ ಕಚೇರಿ.

ವಿಮಾ ನಿಯಂತ್ರಣ ಪ್ರಾಧಿಕಾರದ ಮುಖ್ಯ ಕಚೇರಿಯೂ ಅದೇ ಹೈದರಾಬಾದಿನಲ್ಲಿದೆ. ನಿಯಮಗಳ ಕರಡನ್ನು ಅದು ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಡುತ್ತದೆ. ಕಂಪನಿಗಳು ಪುಟಗಟ್ಟಲೆ ಬರೆಯುತ್ತವೆ, ಪಾಲಿಸಿದಾರರು ಬರೆಯುವುದು ಅಪರೂಪ. ಡೇ-ಕೇರ್ ವ್ಯಾಖ್ಯೆಯಲ್ಲಿ ಮನೋವೈದ್ಯರು ಬರೆದುಕೊಟ್ಟ ಮನೋಚಿಕಿತ್ಸೆಯನ್ನು ಸೇರಿಸಬೇಕು, ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟರನ್ನು ಚಿಕಿತ್ಸಕರೆಂದು ಮನ್ನಿಸಬೇಕು, ಮೊದಲ ಹಂತದಲ್ಲಿ ವರ್ಷಕ್ಕೆ ಹನ್ನೆರಡು ಭೇಟಿಗಳ ಮಿತಿಯಿದ್ದರೂ ಆದೀತು ಎಂಬ ಮೂರು ಅಂಶಗಳ ಮನವಿಯೊಂದನ್ನು ಬಳಗದ ಪರವಾಗಿ ಸಿದ್ಧಪಡಿಸಿದ್ದೇವೆ. ಮುಂದಿನ ತಿಂಗಳ ಸಭೆಯಲ್ಲಿ ಅದನ್ನು ಓದುತ್ತೇವೆ. ರುಜು ಹಾಕುವವರು ತಮ್ಮ ಮನೆಯ ಕಾಯಿಲೆಯನ್ನು ಹೇಳಬೇಕಾಗಿಲ್ಲ. ಹೆಸರು, ಊರು, ಪಾಲಿಸಿದಾರರೋ ಅಲ್ಲವೋ ಎಂಬುದಿಷ್ಟೇ ಸಾಕು.